ಹೊಟ್ಟೆ ಒಪ್ಪದ, ಕಿಡ್ನಿ ತಾಳದ ಮೈಗೆ ಯಾವ ಎಲುಬಿನ ಔಷಧಿ? ಕಲಬುರಗಿ ಕಡೆಯವರಿಗಾಗಿ ಒಂದು ವಿಮರ್ಶೆ

ಕಲಬುರಗಿ, ಬೀದರ್, ಯಾದಗಿರಿ ಕಡೆ ಅರವತ್ತು ದಾಟಿದ ಹೆಣ್ಣುಮಕ್ಕಳ ಗುಳಿಗೆ ಡಬ್ಬಿ ತೆರೆದರೆ ಸಕ್ಕರೆಗೊಂದು, ಬಿಪಿಗೊಂದು, ಥೈರಾಯ್ಡಿಗೊಂದು, ಗ್ಯಾಸಿಗೆ ಪ್ಯಾಂಟೊಪ್ರಜೋಲ್, ಮೊಣಕಾಲಿಗೆ ನೋವಿನ ಗುಳಿಗೆ ಇದ್ದೇ ಇರುತ್ತವೆ. ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದ ಮೇಲೆ ಇದೇ ಡಬ್ಬಿಗೆ ಆಸ್ಟಿಯೋಪೊರೋಸಿಸ್, ಅಂದರೆ ಎಲುಬು ಸವೆದು ಸುಲಭಕ್ಕೆ ಮುರಿಯುವ ರೋಗದ ಔಷಧಿಯೂ ಸೇರಬೇಕು. ಯಾವುದು ಹೆಚ್ಚು ಜೋರಿನದು ಎಂದು ಅಂಗಡಿಯಲ್ಲಿ ಕೇಳಿ ಉಪಯೋಗವಿಲ್ಲ. ಈ ಮೈ ಯಾವುದನ್ನು ತಡೆದುಕೊಳ್ಳುತ್ತದೆ, ಶುರು ಮಾಡಿದ್ದನ್ನು ಮುಂದೆ ನಿಲ್ಲಿಸುವ ದಾರಿ ಇದೆಯೇ ಎಂಬುದನ್ನು ಕೇಳಬೇಕು. ಎರಡನೆಯದನ್ನು ಕೇಳುವವರು ಬಹಳ ಕಡಿಮೆ.

ಮೊದಲು ಕಿಡ್ನಿಯ ಲೆಕ್ಕ. ಲ್ಯಾಬ್ ವರದಿಯಲ್ಲಿ ಕ್ರಿಯಾಟಿನಿನ್ (ಸ್ನಾಯುಗಳಲ್ಲಿ ಹುಟ್ಟಿ ಕಿಡ್ನಿ ಹೊರಹಾಕುವ ಕಸ) 1.1 ಎಂದು ಬಂದು, ಪಕ್ಕದಲ್ಲಿ ನಾರ್ಮಲ್ ಅಂತಿದ್ದರೆ ಎಲ್ಲರೂ ನಿರಾಳ. ಆದರೆ 76 ವರ್ಷದ, 42 ಕೆ.ಜಿ. ತೂಕದ ಮಹಿಳೆಗೆ ಈ 1.1 ನಾರ್ಮಲ್ ಅಲ್ಲ. 140ರಲ್ಲಿ ವಯಸ್ಸು ಕಳೆದರೆ 64. ಅದನ್ನು ತೂಕದಿಂದ ಗುಣಿಸಿದರೆ 2688. ಕ್ರಿಯಾಟಿನಿನ್ನನ್ನು 72ರಿಂದ ಗುಣಿಸಿದರೆ 79.2. ಮೊದಲಿನದನ್ನು ಎರಡನೆಯದರಿಂದ ಭಾಗಿಸಿ, ಹೆಂಗಸರಾದ್ದರಿಂದ 0.85ರಿಂದ ಗುಣಿಸಿದರೆ ಸುಮಾರು 29 ಬರುತ್ತದೆ. ಕಿಡ್ನಿ ನಿಮಿಷಕ್ಕೆ ಎಷ್ಟು ಎಂ.ಎಲ್. ಸೋಸುತ್ತದೆ ಎಂಬುದರ ಅಂದಾಜು ಇದು. ಹೆಚ್ಚಾಗಿ ಬರೆಯುವ ಎಲುಬಿನ ಔಷಧಿಗಳಾದ ಅಲೆಂಡ್ರೊನೇಟ್ ಗುಳಿಗೆ ಮತ್ತು ಜೋಲೆಡ್ರೊನಿಕ್ ಆಸಿಡ್ ಬಾಟಲಿ ಎರಡಕ್ಕೂ ಈ ಸಂಖ್ಯೆ ಕನಿಷ್ಠ 35 ಇರಬೇಕು. ಸ್ನಾಯು ಕರಗಿದ ತೆಳ್ಳನೆಯ ಮೈಯಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ, ಹಾಗಾಗಿ ವರದಿ ಸುಳ್ಳು ಸಮಾಧಾನ ಕೊಡುತ್ತದೆ. ಫೋನಿನ ಕ್ಯಾಲ್ಕುಲೇಟರಿನಲ್ಲಿ ಒಂದು ನಿಮಿಷದ ಕೆಲಸ. ಡಾಕ್ಟರ ಹತ್ತಿರ ಹೋಗುವ ಮುಂಚೆ ಮಾಡಿಕೊಂಡು ಹೋಗಿ.

ವಾರಕ್ಕೊಮ್ಮೆಯ ಅಲೆಂಡ್ರೊನೇಟ್ 70 ಎಂ.ಜಿ. ಎಲ್ಲ ಮೆಡಿಕಲ್‌ಗಳಲ್ಲೂ ಸಿಗುತ್ತದೆ. ಆಸ್ಟಿಯೋಫಾಸ್ ಹೆಸರು ಹೆಚ್ಚು ಪರಿಚಿತ. ಈ ಪಟ್ಟಿಯಲ್ಲಿ ಅಗ್ಗದ್ದು ಇದೇ, ಕೆಲಸವನ್ನೂ ಚೆನ್ನಾಗಿ ಮಾಡುತ್ತದೆ. ಆದರೆ ತಿನ್ನುವ ಕ್ರಮ ತಪ್ಪಿದರೆ ದುಡ್ಡು ನೀರಿಗೆ ಹಾಕಿದಂತೆ, ಏಕೆಂದರೆ ಸರಿಯಾಗಿ ತಿಂದರೂ ನೂರರಲ್ಲಿ ಒಂದು ಭಾಗಕ್ಕಿಂತ ಕಡಿಮೆ ರಕ್ತಕ್ಕೆ ಸೇರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ, ಛಾ ಕುಡಿಯುವ ಮುಂಚೆ, ಒಂದು ದೊಡ್ಡ ಲೋಟ, ಅಂದರೆ 200ರಿಂದ 250 ಎಂ.ಎಲ್. ಸಾದಾ ನೀರಿನಲ್ಲಿ ಇಡಿಯಾಗಿ ನುಂಗಬೇಕು. ಬೋರ್‌ವೆಲ್ಲಿನ ಗಡಸು ನೀರು ಬೇಡ. ಅದರ ಕ್ಯಾಲ್ಸಿಯಂ ಗುಳಿಗೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಫಿಲ್ಟರ್ ನೀರು ಒಳ್ಳೆಯದು. ನಂತರ ಅರ್ಧ ಗಂಟೆ ಕೂತಿರಬೇಕು ಇಲ್ಲವೇ ಓಡಾಡಬೇಕು, ಮಲಗುವಂತಿಲ್ಲ, ಏನೂ ತಿನ್ನುವಂತಿಲ್ಲ. ತಿಂಗಳಿಗೊಮ್ಮೆಯ ಐಬ್ಯಾಂಡ್ರೊನೇಟ್ 150 ಎಂ.ಜಿ. ಆದರೆ ಅರ್ಧ ಗಂಟೆಯ ಬದಲು ಒಂದು ಗಂಟೆ. ಥೈರಾಯ್ಡ್ ಗುಳಿಗೆಯೂ ಖಾಲಿ ಹೊಟ್ಟೆಯದೇ ಆದ್ದರಿಂದ ಆ ದಿನ ಅಲೆಂಡ್ರೊನೇಟ್ ಮೊದಲು, ಅರ್ಧ ಗಂಟೆ ಬಿಟ್ಟು ಥೈರಾಯ್ಡ್ ಗುಳಿಗೆ, ಮತ್ತೆ ಅರ್ಧ ಗಂಟೆ ಬಿಟ್ಟು ಛಾ, ಸುಸಲಾ.

ಗುಳಿಗೆ ಅನ್ನನಾಳದಲ್ಲಿ ಅಂಟಿ ನಿಂತರೆ ಹುಣ್ಣಾಗುತ್ತದೆ. ಅನ್ನನಾಳ ಕಿರಿದಾಗಿ ಆಹಾರ ಸಿಕ್ಕಿಕೊಳ್ಳುವವರಿಗೆ, ಲಕ್ವ ಹೊಡೆದು ಅರ್ಧ ಗಂಟೆ ನೆಟ್ಟಗೆ ಕೂರಲಾಗದವರಿಗೆ ಇದು ಬೇಡವೇ ಬೇಡ. ರಾತ್ರಿ ಹುಳಿ ತೇಗಿ ಏಳುವಷ್ಟು ಎದೆಯುರಿ ಇದ್ದವರೂ, ಹೃದಯಕ್ಕೆಂದು ಆಸ್ಪಿರಿನ್ ತಿನ್ನುತ್ತ ಜೊತೆಗೆ ನೋವಿನ ಗುಳಿಗೆಯನ್ನೂ ನುಂಗುವವರೂ ದೂರ ಇದ್ದರೆ ಒಳ್ಳೆಯದು. ಎದೆಯುರಿ ಬಂತೆಂದು ಪ್ಯಾಂಟೊಪ್ರಜೋಲ್ ಹೆಚ್ಚಿಸಿ ಇದನ್ನೇ ಮುಂದುವರಿಸುವುದು ಇಲ್ಲಿ ಸಾಮಾನ್ಯ ರೂಢಿ. ಅದು ಜಾಣತನವಲ್ಲ: ವರ್ಷಗಟ್ಟಲೆ ತಿಂದ ಪ್ಯಾಂಟೊಪ್ರಜೋಲಿಗೂ ಎಲುಬು ಮುರಿತದ ಅಪಾಯಕ್ಕೂ ನಂಟಿದೆ.

ಹೊಟ್ಟೆಯೊಂದೇ ತಕರಾರು, ಕಿಡ್ನಿ ಗಟ್ಟಿ ಎಂದಾದರೆ ನಮ್ಮ ಮೊದಲ ಆಯ್ಕೆ ಜೋಲೆಡ್ರೊನಿಕ್ ಆಸಿಡ್. ವರ್ಷಕ್ಕೊಂದೇ ಸಲ 5 ಎಂ.ಜಿ., 100 ಎಂ.ಎಲ್. ಬಾಟಲಿಯಲ್ಲಿ, ಸಲೈನ್ ಹಚ್ಚಿದ ಹಾಗೆ. 2007ರಲ್ಲಿ ಪ್ರಕಟವಾದ ಹೊರೈಜನ್ ಅಧ್ಯಯನದಲ್ಲಿ ಮೂರು ವರ್ಷಕ್ಕೆ ಬೆನ್ನೆಲುಬಿನ ಮುರಿತ ಶೇ. 70ರಷ್ಟು, ಸೊಂಟದ ಮುರಿತ ಶೇ. 41ರಷ್ಟು ಇಳಿದಿತ್ತು. ಊರಿಂದ ವರ್ಷಕ್ಕೊಮ್ಮೆ ಬಂದು ಹೋದರೆ ಸಾಕು, ಗುಳಿಗೆ ಮರೆಯುವ ಮಾತೇ ಇಲ್ಲ. ಡೇಕೇರ್ ಇರುವ ಯಾವ ಆಸ್ಪತ್ರೆಯಲ್ಲೂ ಹಚ್ಚಿಸಿಕೊಳ್ಳಬಹುದು.

ಕೆಡುವುದು ತಯಾರಿಯಲ್ಲಿ. ಇದೇ ಔಷಧಿ ಕ್ಯಾನ್ಸರ್ ರೋಗಿಗಳಿಗೆಂದು 4 ಎಂ.ಜಿ. ವಯಲ್‌ನಲ್ಲೂ ಬರುತ್ತದೆ, ಅದನ್ನು ಕೊಡುವ ಅಂತರ ಬೇರೆ. ಡಬ್ಬಿಯ ಮೇಲೆ 5 ಎಂ.ಜಿ. ಎಂದಿದೆಯೇ ಓದಿಕೊಳ್ಳಿ. ಹದಿನೈದು ನಿಮಿಷಕ್ಕಿಂತ ಬೇಗ ಹರಿಸಿದರೆ ಕಿಡ್ನಿಗೆ ಪೆಟ್ಟು. ಅರ್ಧ ಗಂಟೆ ಹಿಡಿದರೆ ಯಾರಿಗೂ ನಷ್ಟವಿಲ್ಲ, ನರ್ಸಿಗೆ ಹೇಳಿ. ಸುಸ್ತಾಗಿದೆಯೆಂದು ರಿಂಗರ್ ಲ್ಯಾಕ್ಟೇಟ್, ಅಂದರೆ ಆರ್‌ಎಲ್ ಬಾಟಲಿ ಹಚ್ಚಿ ಅದೇ ಲೈನಿನಲ್ಲಿ ಇದನ್ನು ಬಿಡುವುದು ತಪ್ಪು, ಏಕೆಂದರೆ ಆರ್‌ಎಲ್‌ನಲ್ಲಿ ಕ್ಯಾಲ್ಸಿಯಂ ಇದೆ. ನಾರ್ಮಲ್ ಸಲೈನ್ ಆಗಬಹುದು. ಹಿಂದಿನ ದಿನಗಳಲ್ಲಿ ಡೈಕ್ಲೊಫಿನಾಕ್, ಅಸಿಕ್ಲೊಫಿನಾಕ್ ನುಂಗಿ, ಏಪ್ರಿಲ್–ಮೇ ಬಿಸಿಲಿನಲ್ಲಿ ಆಳಂದದಿಂದಲೋ ಸುರಪುರದಿಂದಲೋ ಬಸ್ಸಿನಲ್ಲಿ ನೀರಿಲ್ಲದೆ ಬಂದು ಬಾಟಲಿ ಹಚ್ಚಿಸಿಕೊಂಡರೆ ಚೊಲೊ ಇದ್ದ ಕಿಡ್ನಿಯೂ ಕೂರುತ್ತದೆ. ಇದನ್ನು ದೀಪಾವಳಿಯಿಂದ ಶಿವರಾತ್ರಿಯೊಳಗೆ ಮುಗಿಸುವುದು ಲೇಸು. ಅವತ್ತು ಬೆಳಿಗ್ಗೆ ಎರಡು ಲೋಟ ನೀರು ಹೆಚ್ಚು ಕುಡಿದು, ತಿಂಡಿ ತಿಂದೇ ಹೋಗಬಹುದು. ಮೂತ್ರ ಹೆಚ್ಚಿಸುವ ನೀರಿನ ಗುಳಿಗೆ ತಿನ್ನುವವರು ಅವತ್ತು ಅದನ್ನು ತಿನ್ನಬೇಕೋ ಬಿಡಬೇಕೋ ಎಂದು ಮೊದಲೇ ಕೇಳಿಕೊಳ್ಳಲಿ.

ಮೊದಲ ಬಾಟಲಿಯ ನಂತರ ಮೂವರಲ್ಲಿ ಒಬ್ಬರಿಗೆ ಜ್ವರ, ಮೈಕೈ ನೋವು ಬರುತ್ತದೆ. ಮೂರು ದಿನಕ್ಕೆ ಇಳಿಯುತ್ತದೆ, ಎರಡನೇ ವರ್ಷ ಬಹಳ ಕಡಿಮೆ. ಲಿವರ್ ಸರಿ ಇದ್ದವರಿಗೆ ಪ್ಯಾರಾಸಿಟಮಾಲ್ 650 ದಿನಕ್ಕೆ ಮೂರು ಸಲ ಸಾಕು. ಆದರೆ ಊರಿಗೆ ಹೋದ ಮೇಲೆ ಬಂದ ಈ ಜ್ವರಕ್ಕೆ ಟೈಫಾಯ್ಡ್ ಎಂದು ಆ್ಯಂಟಿಬಯಾಟಿಕ್ ಸೂಜಿ ಚುಚ್ಚಿಸಿಕೊಳ್ಳುವುದುಂಟು. ಡಿಸ್ಚಾರ್ಜ್ ಚೀಟಿಯಲ್ಲಿ ಔಷಧಿಯ ಹೆಸರು, ತಾರೀಖು ಬರೆಸಿಕೊಂಡಿದ್ದರೆ ಸ್ಥಳೀಯ ಡಾಕ್ಟರಿಗೂ ಅನುಕೂಲ. ಕಣ್ಣು ಕೆಂಪಾಗಿ ನೋಯ್ದರೆ ಮಾತ್ರ ಕಾಯದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು.

ಡೆನೊಸುಮ್ಯಾಬ್ ಬಗ್ಗೆ ಸ್ವಲ್ಪ ಜಗಳವಾಡಬೇಕಿದೆ. 60 ಎಂ.ಜಿ., ಆರು ತಿಂಗಳಿಗೊಮ್ಮೆ ಚರ್ಮದಡಿ ಒಂದು ಸೂಜಿ. ಹೊಟ್ಟೆಗೆ ತೊಂದರೆಯಿಲ್ಲ, ಕಿಡ್ನಿಗೆಂದು ಡೋಸ್ ಇಳಿಸಬೇಕಿಲ್ಲ, ಜ್ವರ ಬರುವುದಿಲ್ಲ. ಹಾಗಾಗಿ ಕಿಡ್ನಿ ಸರಿ ಇಲ್ಲದವರಿಗೆಲ್ಲ ಇದನ್ನೇ ಬರೆಯುತ್ತಾರೆ. ಆದರೆ ಇದನ್ನು ನಿಲ್ಲಿಸಿದರೆ ಕಟ್ಟಿದ ಎಲುಬು ಒಂದೆರಡು ವರ್ಷದಲ್ಲಿ ಕರಗುತ್ತದೆ. ಕೆಲವರಿಗೆ ಬೆನ್ನೆಲುಬಿನ ಹಲವು ಮಣಿಗಳು ಒಟ್ಟಿಗೇ ಕುಸಿಯುತ್ತವೆ. ಹಾಗಾಗದಂತೆ ನಿಲ್ಲಿಸಬೇಕೆಂದರೆ ಕೊನೆಯ ಸೂಜಿಯಾದ ಆರು ತಿಂಗಳಿಗೆ ಜೋಲೆಡ್ರೊನಿಕ್ ಆಸಿಡ್ ಅಥವಾ ಅಲೆಂಡ್ರೊನೇಟ್ ಬೇಕು. ಕಿಡ್ನಿ ತಾಳದೆಂದು ಇದನ್ನು ಹಿಡಿದವರಿಗೆ ಹೊರಬರುವ ಬಾಗಿಲ ಬೀಗದ ಕೈ ಅದೇ ಕಿಡ್ನಿಯ ಹತ್ತಿರ ಇರುತ್ತದೆ! ಶುರು ಮಾಡುವ ದಿನವೇ ಈ ಮಾತು ಆಗಬೇಕು. ಕೊನೆಯವರೆಗೂ ಸೂಜಿ ಹಾಕಿಸುವ ದುಡ್ಡು, ಕರೆದೊಯ್ಯುವ ಮನುಷ್ಯ ಎರಡೂ ಇದ್ದರೆ ಇದು ಒಳ್ಳೆಯ ಔಷಧಿ. ಮಗ ಪುಣೆಯಲ್ಲಿ, ತಾಯಿ ಚಿತ್ತಾಪುರದ ಹಳ್ಳಿಯಲ್ಲಿ ಒಬ್ಬಳೇ ಎಂದಾದರೆ, ಕಿಡ್ನಿ ಒಪ್ಪುವ ತನಕ ವರ್ಷದ ಬಾಟಲಿಯೇ ಮೇಲು.

ಡೆನೊಸುಮ್ಯಾಬಿನ ಒಂದು ಸೂಜಿಗೂ ಮುಂದಿನದಕ್ಕೂ ನಡುವೆ ಏಳು ತಿಂಗಳು ದಾಟಕೂಡದು. ಯುಗಾದಿಗೊಂದು, ದಸರೆಗೊಂದು ಎಂದು ನೆನಪಿಟ್ಟುಕೊಳ್ಳುವವರಿದ್ದಾರೆ, ಆದರೆ ನಡುವೆ ಅಧಿಕ ಮಾಸ ಬಂದ ವರ್ಷ ಆ ಅಂತರವೇ ಏಳು ತಿಂಗಳಾಗುತ್ತದೆ. ಇಂಗ್ಲಿಷ್ ತಾರೀಖನ್ನೇ ಕ್ಯಾಲೆಂಡರಿನಲ್ಲಿ ಬರೆದಿಡಿ.

ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ, ಕಿಡ್ನಿ ಬಹಳ ಕೆಟ್ಟವರಿಗೆ ಈ ಸೂಜಿಯ ನಂತರ ಕ್ಯಾಲ್ಸಿಯಂ ಜೀವಕ್ಕೇ ಅಪಾಯವಾಗುವಷ್ಟು ಕುಸಿಯಬಹುದು. ಅಮೆರಿಕದ ಔಷಧ ಇಲಾಖೆ 2024ರ ಜನವರಿಯಲ್ಲಿ ಇದಕ್ಕೆ ತನ್ನ ಅತಿ ಕಠಿಣ ಎಚ್ಚರಿಕೆ ಸೇರಿಸಿತು. ಇಂಥವರಿಗೆ ಪಿಟಿಎಚ್ (ರಕ್ತದ ಕ್ಯಾಲ್ಸಿಯಂ ಹಿಡಿತದಲ್ಲಿಡುವ ಹಾರ್ಮೋನ್), ಕ್ಯಾಲ್ಸಿಯಂ, ವಿಟಮಿನ್ ಡಿ ನೋಡದೆ, ಕಿಡ್ನಿ ಡಾಕ್ಟರನ್ನು ಕೇಳದೆ ಹಾಕಿಸುವ ಹಾಗೇ ಇಲ್ಲ. ಸೂಜಿಯ ನಂತರ ವಾರವಾರ ಕ್ಯಾಲ್ಸಿಯಂ ನೋಡಿಸಬೇಕಾಗುತ್ತದೆ. ತುಟಿಯ ಸುತ್ತ ಜುಮುಗುಟ್ಟುವುದು, ಬೆರಳು ಸೆಟೆದುಕೊಳ್ಳುವುದು ಶುರುವಾದರೆ ಅದೇ ದಿನ ಆಸ್ಪತ್ರೆಗೆ.

ಇನ್ನು ನಮ್ಮ ಬಿಸಿಲು. ಈ ಸೂಜಿ 2ರಿಂದ 8 ಡಿಗ್ರಿಯಲ್ಲಿರಬೇಕು. ಮೂಲ ಕಂಪನಿಯ ಪ್ರೋಲಿಯಾ ಫ್ರಿಜ್ಜಿನಿಂದ ಹೊರಗೆ 25 ಡಿಗ್ರಿಯೊಳಗೆ ಹದಿನಾಲ್ಕು ದಿನ ಇರಬಹುದು, ಆದರೆ ಮೇ ತಿಂಗಳ ಕಲಬುರಗಿಯಲ್ಲಿ 25 ಡಿಗ್ರಿಯ ಕೋಣೆ ಎಲ್ಲಿಂದ ತರುವುದು? ಸ್ವಲ್ಪ ಅಗ್ಗವೆಂದು ಹೈದರಾಬಾದಿನಿಂದ ಬಸ್ಸಿನಲ್ಲಿ ತರಿಸುವುದಕ್ಕಿಂತ, ಜನರೇಟರ್ ಇರುವ ಆಸ್ಪತ್ರೆಯ ಮೆಡಿಕಲ್‌ನಲ್ಲೇ ಕೊಂಡು ಅಲ್ಲೇ ಹಾಕಿಸಿಕೊಳ್ಳಿ. ಒಯ್ಯಲೇಬೇಕಾದರೆ ಥರ್ಮಸ್ಸಿನಲ್ಲಿ ಐಸ್‌ಪ್ಯಾಕ್ ಇಟ್ಟು, ನಡುವೆ ಬಟ್ಟೆ ಸುತ್ತಿ. ಐಸಿಗೆ ನೇರ ತಗುಲಿ ಹೆಪ್ಪುಗಟ್ಟಿದರೂ ಔಷಧಿ ಕೆಟ್ಟಂತೆ.

ಟೆರಿಪ್ಯಾರಟೈಡ್ ಎಲುಬನ್ನು ಹೊಸದಾಗಿ ಕಟ್ಟುತ್ತದೆ. ದಿನಾ 20 ಮೈಕ್ರೊಗ್ರಾಂ, ಇನ್ಸುಲಿನ್ ಹಾಗೆ ಪೆನ್ನಿನಲ್ಲಿ ಹೊಟ್ಟೆಗೋ ತೊಡೆಗೋ, ಸಾಮಾನ್ಯವಾಗಿ ಎರಡು ವರ್ಷದ ತನಕ. ಈಗಾಗಲೇ ಬೆನ್ನೆಲುಬು ಎರಡು ಮೂರು ಕಡೆ ಕುಸಿದವರಿಗೆ, ಸ್ಟಿರಾಯ್ಡ್ ಬಿಡಲಾಗದ ಸಂಧಿವಾತ, ಅಸ್ತಮಾದವರಿಗೆ ಇದು ನಿಜಕ್ಕೂ ಬೆಲೆ ಬಾಳುತ್ತದೆ. ದುಬಾರಿಯೂ ಹೌದು. ಪೆನ್ ತೆರೆದ 28 ದಿನಕ್ಕೆ, ಒಳಗೆ ಔಷಧಿ ಉಳಿದಿದ್ದರೂ ಬಿಸಾಡಬೇಕು. ಮೊದಲ ಕೆಲವು ಸೂಜಿಗಳಿಗೆ ತಲೆ ಸುತ್ತುವುದುಂಟು, ಬಿಪಿ ಗುಳಿಗೆ ತಿನ್ನುವವರು ಮಂಚದ ಮೇಲೆ ಕೂತೇ ಹಾಕಿಸಿಕೊಳ್ಳಲಿ. ಎಲುಬಿಗೆ ರೇಡಿಯೇಷನ್ ಆದವರಿಗೆ, ಎಲುಬಿನ ಕ್ಯಾನ್ಸರ್ ಇದ್ದವರಿಗೆ, ಕ್ಯಾಲ್ಸಿಯಂ ಹೆಚ್ಚಿದ್ದವರಿಗೆ ಬೇಡ. ಕಿಡ್ನಿ ಕಲ್ಲು ಇದ್ದವರು ಹುಷಾರಾಗಿರಬೇಕು. ಕೋರ್ಸ್ ಮುಗಿದ ಮೇಲೆ ಬೇರೆ ಔಷಧಿ ಹಿಡಿಯದಿದ್ದರೆ ಕಟ್ಟಿದ್ದೆಲ್ಲ ಸೋರಿಹೋಗುತ್ತದೆ.

ಇದಕ್ಕೇ ಸೇರಿದ, ನಮ್ಮ ಭಾಗದ್ದೇ ಒಂದು ತೊಡಕು ಫ್ಲೋರೈಡ್. ಯಾದಗಿರಿ, ಕಲಬುರಗಿ ಜಿಲ್ಲೆಗಳ ಎಷ್ಟೋ ಬೋರ್‌ವೆಲ್‌ಗಳಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮಿತಿ ಮೀರಿದೆ. ಹತ್ತಾರು ವರ್ಷ ಆ ನೀರು ಕುಡಿದವರ ಬೆನ್ನೆಲುಬು, ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ದಟ್ಟವಾಗಿ, ಚೆನ್ನಾಗಿ ಕಾಣುತ್ತದೆ, ಆದರೆ ಎಲುಬು ಪೆಡಸಾಗಿ ಮುರಿಯುತ್ತದೆ. ರಕ್ತ ಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರಿರುತ್ತದೆ. ಅದು ಏಕೆ ಏರಿದೆ ಎಂದು ಗೊತ್ತಾಗದೆ ಟೆರಿಪ್ಯಾರಟೈಡ್ ಕೊಡುವಂತಿಲ್ಲ. ಹಲ್ಲು ಕಂದು ಪಟ್ಟೆಯಾಗಿ, ಕತ್ತು, ಬೆನ್ನು ಬಿಗಿದಿರುವವರು ಯಾವ ಊರಿನ ನೀರು ಕುಡಿದು ಬೆಳೆದೆವೆಂದು ಡಾಕ್ಟರಿಗೆ ಹೇಳಲೇಬೇಕು. ಸ್ಕ್ಯಾನ್ ಎಂದರೆ ಸೊಂಟ ಮತ್ತು ಬೆನ್ನಿನ ಡೆಕ್ಸಾ. ಕ್ಯಾಂಪುಗಳಲ್ಲಿ ಹಿಮ್ಮಡಿಗೆ ಮಷಿನ್ ಹಚ್ಚಿ ಕೊಡುವ ಚೀಟಿ ನಂಬಿ ಯಾವ ಔಷಧಿಯನ್ನೂ ಶುರು ಮಾಡಬೇಡಿ, ನಿಲ್ಲಿಸಲೂ ಬೇಡಿ.

ರಾಲಾಕ್ಸಿಫೀನ್ 60 ಎಂ.ಜಿ. ಬೆನ್ನೆಲುಬನ್ನಷ್ಟೇ ಕಾಯುತ್ತದೆ, ಸೊಂಟವನ್ನಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರಿಗೆ, ಲಕ್ವ ಹೊಡೆದವರಿಗೆ ಸಲ್ಲದು. ಕ್ಯಾಲ್ಸಿಟೋನಿನ್ ಮೂಗಿನ ಸ್ಪ್ರೇ ದುರ್ಬಲ, ದುಡ್ಡಿಗೆ ದಂಡ.

ಯಾವುದೇ ಸೂಜಿ, ಬಾಟಲಿಗೆ ಮುಂಚೆ ವಿಟಮಿನ್ ಡಿ ತುಂಬಿರಬೇಕು. ಕಡಿಮೆ ಇದ್ದರೆ ಸಾಮಾನ್ಯವಾಗಿ 60,000 ಯೂನಿಟ್ ವಾರಕ್ಕೊಂದರಂತೆ ಎಂಟು ವಾರ ಬರೆಯುತ್ತಾರೆ. ಮುಗಿದ ಮೇಲೂ ವಾರವಾರ ನುಂಗುತ್ತಲೇ ಹೋದರೆ ವಿಷವಾಗಬಹುದು. ಗ್ಯಾಸ್ ಗುಳಿಗೆ ತಿನ್ನುವವರಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಸರಿಯಾಗಿ ಹತ್ತುವುದಿಲ್ಲ, ಸಿಟ್ರೇಟ್ ಕೇಳಿ. ಒಂದು ಸಲಕ್ಕೆ 500 ಎಂ.ಜಿ. ಮೀರದಿರಲಿ, ಥೈರಾಯ್ಡ್ ಗುಳಿಗೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ಬರೀ ಜೋಳದ ರೊಟ್ಟಿ, ತೊಗರಿ ಬ್ಯಾಳಿಯಿಂದ ಕ್ಯಾಲ್ಸಿಯಂ ಸಾಲದು. ಮೊಸರು, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಸೇರಿಸಿ. ಸಕ್ಕರೆಗೆ ಪಯೊಗ್ಲಿಟಜೋನ್ ನಡೆದಿದ್ದರೆ ಬದಲಿಸಬಹುದೇ ಕೇಳಿ, ಹೆಂಗಸರಲ್ಲಿ ಅದು ಎಲುಬು ಮುರಿತ ಹೆಚ್ಚಿಸುತ್ತದೆ. ಸಂಧಿ ನೋವಿಗೆಂದು ಸಂತೆಯಲ್ಲಿ ಕೊಡುವ ಹೆಸರಿಲ್ಲದ ಪುಡಿಯಲ್ಲಿ ಸ್ಟಿರಾಯ್ಡ್ ಇದ್ದೀತು.

ಹಲ್ಲು ಕೀಳಿಸುವುದಿದ್ದರೆ ಮೊದಲೇ ಕೀಳಿಸಿ, ಗಾಯ ಮಾಗಿದ ಮೇಲೆ ಔಷಧಿ. ಅಲೆಂಡ್ರೊನೇಟ್, ಜೋಲೆಡ್ರೊನಿಕ್, ಡೆನೊಸುಮ್ಯಾಬ್ ಮೂರರಲ್ಲೂ ದವಡೆ ಎಲುಬು ಕೊಳೆಯುವ ಅಪರೂಪದ ತೊಂದರೆ ಉಂಟು, ಒಸಡು ಕೆಟ್ಟವರಲ್ಲಿ ಹೆಚ್ಚು. ಅಲೆಂಡ್ರೊನೇಟ್ ಐದು ವರ್ಷ, ಜೋಲೆಡ್ರೊನಿಕ್ ಮೂರು ವರ್ಷ ಆದ ಮೇಲೆ ಬಿಡುವು ಕೊಡಬಹುದೇ ಎಂದು ಡಾಕ್ಟರ ಜೊತೆ ಕೂತು ನೋಡಬೇಕು, ಆದರೆ ಡೆನೊಸುಮ್ಯಾಬಿಗೆ ಇಂಥ ಬಿಡುವಿಲ್ಲ. ಈ ಔಷಧಿಗಳ ಮೇಲೆ ವರ್ಷಗಳು ಕಳೆದವರಿಗೆ ಬೀಳದೆಯೇ ತೊಡೆಯಲ್ಲೋ ತೊಡೆಸಂದಿಯಲ್ಲೋ ಮಂದ ನೋವು ಶುರುವಾದರೆ ಅದನ್ನು ಮೊಣಕಾಲಿನ ಲೆಕ್ಕಕ್ಕೆ ಹಾಕಬೇಡಿ: ಎರಡೂ ತೊಡೆಗಳ ಎಕ್ಸ್‌ರೇ ಪೂರ್ತಿ ಉದ್ದಕ್ಕೆ ತೆಗೆಸಿ, ಅಲ್ಲಿಯವರೆಗೆ ಆ ಕಾಲಿನ ಮೇಲೆ ಭಾರ ಹಾಕಬೇಡಿ.