ಬೊನ್‌ವಾಲೋ, ಸೇನ್ ವೆರಾನೋ?

ಫ್ರಾನ್ಸಿನ ಆಲ್ಪ್ಸ್‌ನಲ್ಲಿ ಒಂದೇ ಹಳ್ಳಿಗೆ ಹೋಗುವಷ್ಟು ರಜೆ ಇದ್ದರೆ ನನ್ನ ಓಟು ಸೇನ್ ವೆರಾನ್‌ಗೆ. ಸುಮಾರು 2040 ಮೀಟರ್ ಎತ್ತರ, ಧಾರಾಳ ಬಿಸಿಲು, ಗೋಡೆಗಳ ಮೇಲೆ ಬಣ್ಣದ ನೆರಳು ಗಡಿಯಾರಗಳು, ಕೆಳಗೆ ಕಲ್ಲು ಮೇಲೆ ಮರದ ಅಟ್ಟ ಇರುವ ಮನೆಗಳು. ಚಳಿಗಾಲ ಉದ್ದ, ಹಾಗಾಗಿ ಹಿಂದೆ ದನಗಳ ಹುಲ್ಲನ್ನು ಈ ಅಟ್ಟದಲ್ಲೇ ಕೂಡಿಡುತ್ತಿದ್ದರು. ಬೇಸಿಗೆಯಲ್ಲಿ ಪ್ರವಾಸಿಗರ ಕಾರು ಊರಾಚೆಯೇ.

ಅಲ್ಲಿನ ಇನ್ನೊಂದು ಹಳ್ಳಿ ಬೊನ್‌ವಾಲ್ ಸುಮಾರು 1800 ಮೀಟರ್ ಎತ್ತರ. ಗೋಡೆಯೂ ಕಲ್ಲು, ಸೂರಿಗೂ ಕಲ್ಲುಚಪ್ಪಡಿ. ಹಿಂದೆ ಬಾಲ್ಕನಿಯಲ್ಲಿ ಬೆರಣಿ ಒಣಗಿಸಿ ಒಲೆಗೆ ಹಾಕುತ್ತಿದ್ದರು. ಅಷ್ಟು ಎತ್ತರದಲ್ಲಿ ಸೌದೆ ಸಿಗಬೇಕಲ್ವಾ! ಚಳಿಗಾಲದಲ್ಲಿ 2764 ಮೀಟರ್‌ನ ಇಸೆರಾನ್ ಘಾಟಿ ಮುಚ್ಚಿಬಿಡುತ್ತದೆ, ರಸ್ತೆ ಇಲ್ಲಿಗೇ ಮುಗಿಯಿತು. ಗಲಾಟೆ ಬೇಡ, ಸುಮ್ನೆ ಬೊಫೋರ್ ಚೀಸ್ ತಿಂದುಕೊಂಡು ಹಿಮ ನೋಡ್ತೀನಿ ಅನ್ನುವವರು ಮಾತ್ರ ಆಗ ಹೋಗಿ.