ಎಂ35ಎ2 ಲಾರಿಯ ಹಿಂದೆ ಕೂರಿಸಿದ ರಿಸೀವರ್ ಹಿಚ್: ನಾಲ್ಕು ವರ್ಷ ಎಳೆದ ಮೇಲೆ

ಗಾಡಿ: ಅಮೆರಿಕದ ಸೈನ್ಯದಿಂದ ಹರಾಜಿಗೆ ಬಂದ ಎಂ35ಎ2, ಎರಡೂವರೆ ಟನ್ನಿನದು. ಅಲ್ಲಿ ಎಲ್ಲರ ಬಾಯಲ್ಲೂ ಅದು 'ಡ್ಯೂಸ್'.
ಹಿಚ್ (ಟ್ರೈಲರ್ ಕಟ್ಟುವ ಕೊಂಡಿ): ಪೇಟೆಯಲ್ಲಿ ಸಿಗುವ, ವೆಲ್ಡ್ ಮಾಡಿ ಕೂರಿಸುವ 2 ಇಂಚಿನ ರಿಸೀವರ್, ಅಂದರೆ ಗುಂಡಿನ ತೋಳು ಒಳಗೆ ಜಾರಿ ಕೂರುವ ಚೌಕ ಕೊಳವೆ. ಉಳಿದದ್ದೆಲ್ಲ ಶೆಡ್ಡಿನಲ್ಲಿ ಕತ್ತರಿಸಿ ಕಟ್ಟಿದ್ದು.
ಎಳೆದದ್ದು: ಎರಡು ಆಕ್ಸಲ್ಲಿನ, ಒಟ್ಟು 7,000 ಪೌಂಡ್ (ಸುಮಾರು 3,175 ಕೆ.ಜಿ.) ತೂಕದ ಟ್ರೈಲರ್.

ಈ ಲಾರಿಯ ಹಿಂದೆ ಪಿಂಟಲ್, ಅಂದರೆ ಟ್ರೈಲರಿನ ಬಳೆಯನ್ನು ಹಿಡಿದು ಬೀಗ ಹಾಕುವ ಕೊಕ್ಕೆ, ಮೊದಲೇ ಇರುತ್ತದೆ. ಎಂ105ನಂಥ ಮಿಲಿಟರಿ ಟ್ರೈಲರಿನ ಕಬ್ಬಿಣದ ಬಳೆಗೆ ಅದಕ್ಕಿಂತ ಒಳ್ಳೆಯದು ಇಲ್ಲ. ತೊಂದರೆ ಶುರುವಾಗುವುದು ಸಾಮಾನ್ಯ ಟ್ರೈಲರ್ ಕಟ್ಟುವಾಗ. ಅದಕ್ಕೆ ಗುಂಡು (ಹಿಚ್ ಬಾಲ್) ಬೇಕು, ಮತ್ತು ಆ ಗುಂಡಿನ ಮೇಲೆ ಕೂರುವ ಟ್ರೈಲರಿನ ಬಟ್ಟಲು, ಅಂದರೆ ಕಪ್ಲರ್, ನೆಲದಿಂದ 18ರಿಂದ 22 ಇಂಚಿನಲ್ಲಿ ಇರಬೇಕು. ಪಿಂಟಲ್ ಇರುವುದು ಅದಕ್ಕಿಂತ ಬಹಳ ಮೇಲೆ. ಪಿಂಟಲ್ ಬಿಚ್ಚಿ ಅದೇ ಜಾಗಕ್ಕೆ ಬೋಲ್ಟ್ ಮಾಡುವ ರಿಸೀವರ್ ಪಟ್ಟಿಗಳು ಸಿಗುತ್ತವೆ. ಅವನ್ನು ಕೊಳ್ಳಬೇಡಿ ಎಂದೇ ನಮ್ಮ ಸಲಹೆ. ಪಿಂಟಲ್ ಹೋಗುತ್ತದೆ, ಗುಂಡನ್ನು ಕೆಳಗಿಳಿಸಲು 10–12 ಇಂಚು ಇಳಿಯುವ ಉದ್ದನೆಯ ಬಾಲ್ ಮೌಂಟ್ (ಗುಂಡನ್ನು ಹೊರುವ ತೋಳು) ಬೇಕಾಗುತ್ತದೆ, ಅಷ್ಟುದ್ದದ ಸನ್ನೆ ಚಾಸಿಯ ಹಿಂದಿನ ಅಡ್ಡತೊಲೆಯಾದ ಕ್ರಾಸ್‌ಮೆಂಬರ್ ಒಂದನ್ನೇ ತಿರುಚುತ್ತದೆ. ಆ ಕ್ರಾಸ್‌ಮೆಂಬರ್ ಚಾಸಿಗೆ ರಿವೆಟ್ಟಿನಲ್ಲಿ ಕೂತಿದೆ. ನೇರ ಎಳೆತಕ್ಕೆ ಅದು ಗಟ್ಟಿ, ತಿರುಚುವುದಕ್ಕಲ್ಲ.

ಆದ್ದರಿಂದ ಇಲ್ಲಿ ಕಟ್ಟಿದ ಹಿಚ್‌ನ ಭಾರ ಹೋಗುವುದು ಎರಡು ಬದಿಯ ಚಾಸಿ ಚಾನಲ್ಲಿಗೆ, ಅಂದರೆ ಲಾರಿಯುದ್ದ ಹೋಗುವ 'ಸಿ' ಆಕಾರದ ತೊಲೆಗಳಿಗೆ. 3×3 ಇಂಚಿನ, ಕಾಲು ಇಂಚು ದಪ್ಪದ ಚೌಕ ಕೊಳವೆ ಚಾಸಿಯ ಕೆಳಗೆ ಅಡ್ಡಲಾಗಿ ಹೋಗುತ್ತದೆ. ಅದರ ಎರಡು ತುದಿಗೂ 3/8 ಇಂಚಿನ, 10×14 ಇಂಚಿನ ಪ್ಲೇಟು. ಪ್ಲೇಟು ಚಾನಲ್ಲಿನ ನಿಂತ ಗೋಡೆಗೆ ಬದಿಗೆ ನಾಲ್ಕರಂತೆ ಎಂಟು 5/8 ಇಂಚಿನ ಗ್ರೇಡ್ 8 (ಹೆಚ್ಚು ಗಟ್ಟಿ ಉಕ್ಕಿನ) ಬೋಲ್ಟುಗಳಲ್ಲಿ ಕೂರುತ್ತದೆ. ಮುಂದಿನ ಜೋಡಿಗೂ ಹಿಂದಿನ ಜೋಡಿಗೂ 8 ಇಂಚು ಅಂತರ. ಎರಡೂವರೆ ಇಂಚು ಹೊರಮೈಯ, ಕಾಲು ಇಂಚು ದಪ್ಪದ ರಿಸೀವರ್ ಕೊಳವೆ ಅಡ್ಡ ಕೊಳವೆಯೊಳಗೆ ಕೊರೆದ ಚೌಕ ತೂತಿನಲ್ಲಿ ಹಾದು ಮುಂದೆ ಬಂದಿದೆ. ನಾಲ್ಕು ಮೂಲೆಗೂ 3/8 ಇಂಚಿನ ಗಸೆಟ್, ಅಂದರೆ ಮೂಲೆಗೆ ಬಲ ಕೊಡುವ ತ್ರಿಕೋನ ಪ್ಲೇಟು. ರಿಸೀವರಿನ ನಡುಗೆರೆ ನೆಲದಿಂದ 24 ಇಂಚು. ನಾಲ್ಕಿಂಚು ಇಳಿಯುವ ಸಾಮಾನ್ಯ ಬಾಲ್ ಮೌಂಟಿನಲ್ಲಿ ಟ್ರೈಲರ್ ಮಟ್ಟಸವಾಗಿ ನಿಲ್ಲುತ್ತದೆ. ಪಿಂಟಲ್ ತನ್ನ ಜಾಗದಲ್ಲೇ ಇದೆ, ಕೆಲಸವನ್ನೂ ಮಾಡುತ್ತದೆ.

ಲೆಕ್ಕ ಇಷ್ಟು. ಜೋರಾಗಿ ಬ್ರೇಕ್ ಹಾಕಿದಾಗ ಟ್ರೈಲರ್ ಗುಂಡನ್ನು ಮುಂದಕ್ಕೆ 3,500 ಪೌಂಡ್ ನೂಕಿತು ಎಂದುಕೊಳ್ಳಿ. ಗುಂಡು ಬೋಲ್ಟುಗಳ ನಡುವಿಗಿಂತ ಸುಮಾರು 12 ಇಂಚು ಕೆಳಗಿದೆ: 42,000 ಇಂಚು-ಪೌಂಡ್ ತಿರುಚು. ಮೂಕಿಯ ಭಾರ (ಟ್ರೈಲರಿನ ಮುಂದಿನ ತೋಳು ಗುಂಡನ್ನು ಕೆಳಕ್ಕೆ ಒತ್ತುವ ತೂಕ) 800 ಪೌಂಡ್, ಬೋಲ್ಟುಗಳ ನಡುವಿನಿಂದ 20 ಇಂಚು ಹಿಂದೆ: ಇನ್ನೊಂದು 16,000. ಎರಡೂ ತಿರುಗಿಸುವುದು ಒಂದೇ ದಿಕ್ಕಿಗೆ, ಹಾಗಾಗಿ ಕೂಡುತ್ತವೆ. 58,000ವನ್ನು 8 ಇಂಚಿಗೆ ಭಾಗಿಸಿ ಎರಡು ಬದಿಗೆ ಹಂಚಿದರೆ ಒಂದೊಂದು ಬೋಲ್ಟ್ ಜೋಡಿಗೆ ಸುಮಾರು 3,600 ಪೌಂಡ್. ಬಿಗಿಯಾದ ಜೋಡಿ ಬರೀ ಒತ್ತಡದ ಘರ್ಷಣೆಯಲ್ಲೇ ಇದರ ಎರಡರಷ್ಟು ತಡೆಯುತ್ತದೆ. ಬೋಲ್ಟ್ ಸಡಿಲವಾದರೆ ಘರ್ಷಣೆ ಹೋಗಿ, ಬೋಲ್ಟಿನ ಮೈ ತೂತಿನ ಅಂಚನ್ನು ಬಡಿಯತೊಡಗುತ್ತದೆ. ಮುಂದಕ್ಕೆಳೆದಾಗ ಒಂದು ಕಡೆ, ಬ್ರೇಕಿಗೆ ಇನ್ನೊಂದು ಕಡೆ. ತೂತು ಮೊಟ್ಟೆಯಾಕಾರಕ್ಕೆ ಬರುವುದು ಹೀಗೆ. ಹಿಚ್ ಮುರಿದ ಲಾರಿಗಳಲ್ಲಿ ಕೊಳವೆ ಮುರಿದದ್ದಕ್ಕಿಂತ ಈ ಜಾಗ ಸೋತದ್ದೇ ಹೆಚ್ಚು.

ಬೋಲ್ಟ್ ಸಡಿಲವಾಗಲು ಮುಖ್ಯ ಕಾರಣ ಬಣ್ಣ. ದಶಕಗಳ ಮಿಲಿಟರಿ ಬಣ್ಣ ಪದರ ಪದರವಾಗಿ ಕೂತಿರುತ್ತದೆ. ಅದರ ಮೇಲೇ ಪ್ಲೇಟು ಬಿಗಿದರೆ ನೂರು ಮೈಲಿಯೊಳಗೆ ಬಣ್ಣ ಹಿಸುಕಿ ತೆಳುವಾಗಿ, ಬಿಗಿ ಇಳಿದಿರುತ್ತದೆ. ಪ್ಲೇಟು ಕೂರುವಷ್ಟು ಜಾಗವನ್ನು ಬರೀ ಕಬ್ಬಿಣ ಕಾಣುವವರೆಗೆ ಉಜ್ಜಿ, ತೆಳ್ಳಗೆ ಸತುವಿನ ಪ್ರೈಮರ್ ಒಂದೇ ಕೋಟು ಬಳಿಯಿರಿ. ಬೋಲ್ಟಿನ ಎಣ್ಣೆ ಹಾಕದ ಒಣ ಎಳೆಗೆ (ಥ್ರೆಡ್ಡಿಗೆ) ಬಿಗಿ ಸುಮಾರು 210 ಅಡಿ-ಪೌಂಡ್ (285 ನ್ಯೂಟನ್ ಮೀಟರ್), ಎರಡೂ ಕಡೆ ಗಟ್ಟಿ ವಾಷರ್. 50 ಮೈಲಿಗೆ ಒಮ್ಮೆ, 200 ಮೈಲಿಗೆ ಇನ್ನೊಮ್ಮೆ ಟಾರ್ಕ್ (ಈ ಬಿಗಿ) ನೋಡಬೇಕು. ಇಲ್ಲಿ ಮೊದಲ ಸಲ ಎಂಟರಲ್ಲಿ ಮೂರು ಬೋಲ್ಟು ಸ್ವಲ್ಪ ತಿರುಗಿದವು. ಎರಡನೇ ಸಲದಿಂದ ಈವರೆಗೆ ಒಂದೂ ಅಲುಗಿಲ್ಲ.

ಚಾಸಿ ಚಾನಲ್ಲಿಗೆ ವೆಲ್ಡ್ ಮಾಡಬಾರದು. ವೆಲ್ಡಿನ ಪಕ್ಕದ ಕಬ್ಬಿಣ ಗಡುಸಾಗಿ, ದಿನವೂ ಬಳುಕುವ ಚಾಸಿಯಲ್ಲಿ ಬಿರುಕು ಹುಟ್ಟುವುದು ಅಲ್ಲಿಂದಲೇ. ಚಾನಲ್ಲಿನ ಮೇಲಿನ ಕೆಳಗಿನ ಮಡಿಕೆಗೆ ತೂತು ಕೊರೆಯುವುದೂ ಬೇಡ, ಬಗ್ಗುವ ಭಾರವೆಲ್ಲ ಅಲ್ಲೇ ಇರುತ್ತದೆ. ಇರುವ ತೂತು ಹೊಂದಿದರೆ ಬಳಸಿ. ಇಲ್ಲದಿದ್ದರೆ ನಿಂತ ಗೋಡೆಯಲ್ಲಿ, ಮಡಿಕೆಯಿಂದ ದೂರ ಕೊರೆದು ಅಂಚನ್ನು ನಯ ಮಾಡಿ. ಹಾಗೆಯೇ ಕ್ರಾಸ್‌ಮೆಂಬರಿನ ರಿವೆಟ್ಟುಗಳನ್ನೂ ಸುತ್ತಿಗೆಯಿಂದ ತಟ್ಟಿ ನೋಡಿ. ತಲೆಯ ಸುತ್ತ ತುಕ್ಕಿನ ಕೆಂಪು ಗೆರೆ ಕಂಡರೆ ಅದು ಅಲುಗುತ್ತಿದೆ. ಅಂಥದ್ದನ್ನು ಕೊರೆದು ತೆಗೆದು, ತೂತಿಗೆ ಬಿಗಿಯಾಗಿ ಕೂರುವ ಬೋಲ್ಟ್ ಹಾಕಿ.

ಹಿಚ್‌ನ ವೆಲ್ಡಿಂಗ್ ಮೇಜಿನ ಮೇಲೆ, ಲಾರಿಯಿಂದ ದೂರ. ಅಳತೆಗೆಂದು ಲಾರಿಯ ಮೇಲೇ ಚುಕ್ಕಿ ವೆಲ್ಡ್ ಹಾಕುವುದಿದ್ದರೆ ಎರಡೂ ಬ್ಯಾಟರಿ ಮತ್ತು ಆಲ್ಟರ್ನೇಟರ್ ತಂತಿ ಬಿಚ್ಚಿಡಿ. 7018 ವೆಲ್ಡಿಂಗ್ ರಾಡು, ಓವನ್ನಿನಲ್ಲಿ ಒಣಗಿಸಿದ್ದು, ಕಾಲು ಇಂಚಿನ ಫಿಲೆಟ್ (ಎರಡು ಮೈ ಸೇರುವ ಮೂಲೆಗೆ ಹಾಕುವ ಬೆಸುಗೆ). ಒಂದಿಂಚು ಉದ್ದದ ಅಂಥ ವೆಲ್ಡ್ 3,700 ಪೌಂಡ್ ಹೊರುತ್ತದೆ ಎಂದು ಲೆಕ್ಕ, ಆದ್ದರಿಂದ ಉದ್ದ ಸಾಕಷ್ಟಿದೆ. ಎಚ್ಚರ ಬೇಕಾದದ್ದು ವೆಲ್ಡಿನ ತುದಿಯಲ್ಲಿ. ಗಸೆಟ್ಟಿನ ಮೂತಿಯನ್ನು ಸುತ್ತಿ ಬಂದು ನಿಲ್ಲಿಸಿ, ಕೊನೆಯ ಗುಳಿ ತುಂಬಿಸಿ. ಮಿಗ್ (ರಾಡಿನ ಬದಲು ತಂತಿ ಉಣಿಸುವ ವೆಲ್ಡಿಂಗ್) ಬಳಸುವವರು ಮೇಲಿಂದ ಕೆಳಕ್ಕೆ ಎಳೆಯಬೇಡಿ. ನೋಡಲು ನುಣುಪಾಗಿರುತ್ತದೆ, ಒಳಗೆ ಬೆಸುಗೆ ಹಿಡಿದಿರುವುದಿಲ್ಲ.

ಮೊದಲ ಸಲ ಕಟ್ಟುವವರೆಲ್ಲ ಎಡವುವ ಜಾಗವೆಂದರೆ ರಿಸೀವರ್ ಕೊಳವೆ ಒಳಕ್ಕೆ ಕುಗ್ಗುವುದು. ವೆಲ್ಡ್ ತಣ್ಣಗಾಗುವಾಗ ಗೋಡೆಯನ್ನು ಎಳೆಯುತ್ತದೆ, ಕೊನೆಗೆ ಬಾಲ್ ಮೌಂಟ್ ಒಳಗೇ ಹೋಗುವುದಿಲ್ಲ. 2 ಇಂಚಿನ ಗಟ್ಟಿ ಸರಳಿಗೆ ಅರ್ಧ ಮಿಲಿಮೀಟರ್ ತಗಡು ಸುತ್ತಿ ಒಳಗಿಟ್ಟು ವೆಲ್ಡ್ ಮಾಡಿ. ಒಮ್ಮೆಗೆ ಒಂದೂವರೆ ಇಂಚು, ಮರುಸಲ ಎದುರು ಬದಿ. ಸಾಮಾನ್ಯ ಚೌಕ ಕೊಳವೆ ಕೊಂಡರೆ ಒಳಗಿನ ಬೆಸುಗೆಯ ಏಣು ಅಡ್ಡ ಬರುತ್ತದೆ. ರಿಸೀವರಿಗೆಂದೇ ಮಾರುವ ಕೊಳವೆಯಲ್ಲಿ ಆ ಏಣು ಕೆರೆದಿರುತ್ತದೆ. ಹೆಚ್ಚುವರಿ ಹಣ ಕೊಡಲು ಅದೊಂದೇ ಕಾರಣ ಸಾಕು. ಪಿನ್ನಿನ ತೂತನ್ನು ಟೇಪಿನಲ್ಲಿ ಅಳೆಯುವುದಕ್ಕಿಂತ ನಿಮ್ಮ ಬಾಲ್ ಮೌಂಟನ್ನೇ ಒಳಗಿಟ್ಟು ಗುರುತು ಮಾಡಿ. 5/8 ಇಂಚಿನ ಪಿನ್ನಿಗೆ 21/32 ತೂತು.

ಮೂಕಿಯ ಭಾರದ ವಿಷಯ ಎತ್ತಿನ ಗಾಡಿ ಹೂಡಿದವರಿಗೆ ಹೇಳಬೇಕಿಲ್ಲ. ಹಿಂದೆ ಹೇರು ಹೆಚ್ಚಾದರೆ ಮೂಕಿ ಏಳುತ್ತದೆ, ಎತ್ತಿನ ಕುತ್ತಿಗೆ ಬಿಗಿಯುತ್ತದೆ. ಇಲ್ಲಿ ಟ್ರೈಲರ್ ಹಾವಿನ ಹಾಗೆ ಬಳುಕುತ್ತದೆ. ಟ್ರೈಲರಿನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಮೂಕಿಯ ಮೇಲಿರಲಿ. ಲಾರಿಯದೇ ತೂಕ ಸುಮಾರು 13,000 ಪೌಂಡ್ ಇರುವುದರಿಂದ ಈ ಭಾರ ಅದಕ್ಕೆ ಗೊತ್ತೇ ಆಗುವುದಿಲ್ಲ, ಸ್ಪ್ರಿಂಗ್ ತಗ್ಗುವುದಿಲ್ಲ. ಹಾಗಾಗಿ ಕಣ್ಣಂದಾಜು ನಂಬದೆ ತೂಕದ ಸ್ಕೇಲಿನ ಮೇಲೇ ನೋಡಿ. ಲಾರಿಯ ಎಳೆತದ ಮಿತಿ ಹೆದ್ದಾರಿಯಲ್ಲಿ 10,000 ಪೌಂಡ್, ಕಾಡುದಾರಿಯಲ್ಲಿ 6,000. ಅದು ಪಿಂಟಲ್ಲಿಗೆ ಹೇಳಿದ್ದು. ಮನೆಯಲ್ಲಿ ಕಟ್ಟಿದ ಈ ಹಿಚ್‌ಗೆ ನಾವು ಇಟ್ಟ ಮಿತಿ 7,000, ಮೂಕಿಗೆ 900.

ಬ್ರೇಕಿನ ವಿಚಾರದಲ್ಲಿ ರಾಜಿ ಬೇಡ. ಎಂ35ಎ2ದ ಬ್ರೇಕು ಗಾಳಿಯ ನೆರವಿನ ಹೈಡ್ರಾಲಿಕ್, ಆದರೆ ಒಂದೇ ಸರ್ಕ್ಯೂಟ್. ಒಂದು ಪೈಪ್ ಒಡೆದರೆ ಆರು ಚಕ್ರದ ಬ್ರೇಕೂ ಹೋಯಿತು. ಆಗ ಕೈ ಬ್ರೇಕು ಬಿಟ್ಟರೆ ಟ್ರೈಲರಿನ ಬ್ರೇಕ್ ಒಂದೇ ಗತಿ. ಟ್ರೈಲರಿನ ಆ ವಿದ್ಯುತ್ ಬ್ರೇಕನ್ನು ಕೈಯಿಂದಲೂ ಹಾಕಲು ಬರುವ ಕಂಟ್ರೋಲರ್ ಬೇಕು. ಕೊಂಡಿ ಕಳಚಿದರೆ ತಾನೇ ಬ್ರೇಕ್ ಹಾಕುವ ಬ್ರೇಕ್‌ಅವೇ ಸ್ವಿಚ್ಚೂ ಅದರದೇ 12 ವೋಲ್ಟಿನ ಬ್ಯಾಟರಿಯೂ ಇರಲೇಬೇಕು.

ವಿದ್ಯುತ್ತು 24 ವೋಲ್ಟ್, ಎರಡು ಬ್ಯಾಟರಿಗಳ ಸರಣಿ. ಒಂದು ಬ್ಯಾಟರಿಯಿಂದ 12 ವೋಲ್ಟ್ ಕದ್ದರೆ ಅದು ಸದಾ ಅರೆಹೊಟ್ಟೆ, ಇನ್ನೊಂದಕ್ಕೆ ಅತಿ ಚಾರ್ಜು, ಕೊನೆಗೆ ಎರಡೂ ಹಾಳು. 24ರಿಂದ 12 ವೋಲ್ಟಿಗೆ ಇಳಿಸುವ 20 ಆಂಪಿಯರ್ ಕನ್ವರ್ಟರ್ ಹಾಕಿ. ನಾಲ್ಕು ಚಕ್ರದ ಬ್ರೇಕ್ ಅಯಸ್ಕಾಂತಗಳೇ ಸುಮಾರು 12 ಆಂಪಿಯರ್ ತಿನ್ನುತ್ತವೆ. ದೀಪಗಳಿಗೆ 24 ವೋಲ್ಟ್ ಸುರುಳಿಯ ಮೂರು ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚು): ಹಿಂದೀಪ, ಎಡ, ಬಲ. ಈ ಲಾರಿಯಲ್ಲಿ ಬ್ರೇಕಿಗೂ ತಿರುವಿಗೂ ಒಂದೇ ದೀಪ, ಅಮೆರಿಕದ ನಾಲ್ಕು ತಂತಿಯ ಟ್ರೈಲರಿನಲ್ಲೂ ಹಾಗೆಯೇ. ಹಾಗಾಗಿ ನೇರ ಹೊಂದುತ್ತದೆ: ಕಂದು ಹಿಂದೀಪ, ಹಳದಿ ಎಡ, ಹಸಿರು ಬಲ, ಬಿಳಿ ಅರ್ತ್. ಬ್ರೇಕ್ ಕಂಟ್ರೋಲರಿಗೆ ಮಾತ್ರ ಬ್ರೇಕ್ ಸ್ವಿಚ್ಚಿನಿಂದ ನಾಲ್ಕನೇ ರಿಲೇ ಬೇಕು. ತಿರುವಿನ ತಂತಿಯಿಂದ ತೆಗೆದರೆ ಇಂಡಿಕೇಟರ್ ಮಿಣುಕಿದಾಗಲೆಲ್ಲ ಟ್ರೈಲರ್ ತಡೆಯುತ್ತದೆ.

ನಾಲ್ಕು ವರ್ಷದಲ್ಲಿ ಸವೆದದ್ದು: ಪಿನ್ನಿನ ತೂತು ಸ್ವಲ್ಪ ಅಗಲವಾಗಿದೆ, ರಿಸೀವರಿನ ಬಾಯಿಯ ಕೆಳ ಅಂಚು ಹೊಳೆಯುವಂತೆ ಉಜ್ಜಿದೆ. ಬಾಲ್ ಮೌಂಟ್ ಅಲುಗದಂತೆ ಬಿಗಿಯುವ ಯು ಬೋಲ್ಟ್ ಕ್ಲಾಂಪನ್ನು ಎರಡನೇ ವರ್ಷ ಹಾಕಿದ ಮೇಲೆ ಸವೆತ ಬಹುತೇಕ ನಿಂತಿತು. ಮೊದಲ ದಿನವೇ ಹಾಕಬೇಕಿತ್ತು. ಅಡ್ಡ ಕೊಳವೆಯ ಕೆಳಮೈಗೆ ಕೊರೆದ 5/16 ಇಂಚಿನ ಎರಡು ತೂತುಗಳಿಂದ ನೀರು ಹರಿದುಹೋಗುತ್ತದೆ, ಒಳಗೆ ತುಕ್ಕು ಕಂಡಿಲ್ಲ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರುಗಳಲ್ಲಿ ಆ ತೂತಿಲ್ಲದೆ ಕೊಳವೆಯ ಎರಡು ತುದಿ ಮುಚ್ಚಬೇಡಿ. ಗುಂಡು 2 5/16 ಇಂಚಿನದು. ಅದರ 1¼ ಇಂಚಿನ ಕಾಂಡಕ್ಕೆ 450 ಅಡಿ-ಪೌಂಡ್ ಬಿಗಿ ಬೇಕು, ಮಾಮೂಲಿ ಸ್ಪ್ಯಾನರಿನಲ್ಲಿ ಅದು ಬರುವುದಿಲ್ಲ.

ಕೊರತೆ ಒಂದಿದೆ. ರಿಸೀವರ್ ಕೆಳಗೆ ಬಂದದ್ದರಿಂದ ಕಡಿದಾದ ಹಳ್ಳ ಏರುವಾಗ ಬಾಲ್ ಮೌಂಟ್ ಮೊದಲು ನೆಲ ಕೆರೆಯುತ್ತದೆ. ಟ್ರೈಲರ್ ಇಲ್ಲದಾಗ ಅದನ್ನು ಬಿಚ್ಚಿ ಹಿಂದಿನ ಡಬ್ಬಿಗೆ ಹಾಕಿಡಿ. ಕೆಸರಲ್ಲಿ ಹೂತ ಗಾಡಿ ಎಳೆಯಲು ಈ ಗುಂಡಿಗೆ ಹಗ್ಗ ಕಟ್ಟಲೇಬಾರದು, ಕಿತ್ತು ಬಂದ ಗುಂಡು ಮನುಷ್ಯರನ್ನು ಕೊಂದ ಉದಾಹರಣೆಗಳಿವೆ. ಆ ಕೆಲಸಕ್ಕೆ ಲಾರಿಯ ಹಿಂದಿನ ಶ್ಯಾಕಲ್‌ಗಳಿವೆ. ಸುರಕ್ಷಾ ಸರಪಳಿಗಳ ಕೊಂಡಿಯನ್ನೂ ರಿಸೀವರಿಗೆ ಹಾಕದೆ ಅಡ್ಡ ಕೊಳವೆಗೇ ಪ್ರತ್ಯೇಕ ವೆಲ್ಡ್ ಮಾಡಿ, ಸರಪಳಿಗಳನ್ನು ಮೂಕಿಯ ಕೆಳಗೆ ಕತ್ತರಿಯಂತೆ ದಾಟಿಸಿ. ಕಪ್ಲರ್ ಜಾರಿದರೆ ಮೂಕಿ ನೆಲಕ್ಕೆ ಬೀಳದೆ ಆ ತೊಟ್ಟಿಲಿನಲ್ಲಿ ಕೂರುತ್ತದೆ.