ಬಾಟಲಿ ನೀರು: ಯಾವುದನ್ನು ಆರಿಸಬೇಕು?

ಬೆಟ್ಟದ ಚಿತ್ರ, ‘ಶುದ್ಧ’ ಎಂಬ ದಪ್ಪಕ್ಷರ, ಎರಡನ್ನೂ ಬದಿಗಿಡಿ. ಅಮೆರಿಕದಲ್ಲಿ ಬಾಟಲಿ ನೀರು ಎಫ್‌ಡಿಎ (ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ) ವ್ಯಾಪ್ತಿಗೆ, ನಲ್ಲಿ ನೀರು ಇಪಿಎ (ಪರಿಸರ ಸಂರಕ್ಷಣಾ ಸಂಸ್ಥೆ) ವ್ಯಾಪ್ತಿಗೆ ಬರುತ್ತದೆ. ಬಾಟಲಿ ನೀರಿನಲ್ಲಿ ಸೀಸದ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ.

ಮಿನರಲ್ ವಾಟರ್ ಎನ್ನಬೇಕಾದರೆ ಸಂರಕ್ಷಿತ ಅಂತರ್ಜಲದಿಂದ ಬಂದಿರಬೇಕು, ಕರಗಿದ ಘನಾಂಶ ಕನಿಷ್ಠ 250 ಪಿಪಿಎಂ (ಸುಮಾರು ಲೀಟರಿಗೆ 250 ಮಿ.ಗ್ರಾಂ.) ಇರಬೇಕು. ಖನಿಜಗಳನ್ನು ಮೇಲಿಂದ ಬೆರೆಸುವಂತಿಲ್ಲ. ಶುದ್ಧೀಕರಿಸಿದ ನೀರು ಇದಕ್ಕೆ ತದ್ವಿರುದ್ಧ: ಭಟ್ಟಿ ಇಳಿಸಿ ಅಥವಾ ಆರ್‌ಒ (ಒತ್ತಡದಿಂದ ಸೂಕ್ಷ್ಮ ಪೊರೆ ದಾಟಿಸುವ ವಿಧಾನ) ಮೂಲಕ ಹಾಯಿಸಿ ಖನಿಜ ತೆಗೆದದ್ದು. ಇಲ್ಲೇ ಬಹಳ ಮಂದಿ ಏಮಾರುವುದು. ಇದರ ಮೂಲ ಊರಿನ ನಲ್ಲಿಯೇ ಆಗಿರಬಹುದು; ಶುದ್ಧೀಕರಣದ ಮಾನದಂಡ ಮುಟ್ಟಿದ್ದರೆ ಲೇಬಲ್ಲಿನಲ್ಲಿ ಅದನ್ನು ಹೇಳಬೇಕಿಲ್ಲ.

ಸ್ಪ್ರಿಂಗ್ ವಾಟರ್ ತಾನಾಗಿ ಮೇಲೆ ಹರಿದು ಬರುವ ಅಂತರ್ಜಲ. ಅದೇ ಪದರಕ್ಕೆ ಕೊಳವೆ ಇಳಿಸಿ ಎತ್ತಲೂ ಅನುಮತಿಯಿದೆ, ಆದರೆ ಚಿಲುಮೆಯ ಸಹಜ ಹರಿವು ನಿಲ್ಲಬಾರದು. ಸ್ಪಾರ್ಕ್ಲಿಂಗ್, ಅಂದರೆ ಗುಳ್ಳೆಯೇಳುವ ನೀರಿನಲ್ಲಿ ಮೂಲದಲ್ಲಿ ಇದ್ದಷ್ಟೇ ಇಂಗಾಲದ ಡೈಆಕ್ಸೈಡ್ ಇರಬೇಕು. ಸೋಡಾ, ಟಾನಿಕ್ ವಾಟರ್ ಈ ಲೆಕ್ಕಕ್ಕೇ ಬರುವುದಿಲ್ಲ, ಅವು ತಂಪು ಪಾನೀಯಗಳು.

ಐರೋಪ್ಯ ಒಕ್ಕೂಟದ ನಿಯಮ ಇನ್ನೊಂದು ಬಗೆ. ಅಲ್ಲಿ ನೈಸರ್ಗಿಕ ಮಿನರಲ್ ವಾಟರಿಗೆ ಕನಿಷ್ಠ ಖನಿಜಾಂಶದ ಗೆರೆ ಇಲ್ಲ, ಲೀಟರಿಗೆ 50 ಮಿ.ಗ್ರಾಂ. ಒಳಗಿನದೂ ಸಿಗುತ್ತದೆ, ಆದರೆ ಕ್ಲೋರಿನ್ನಿನಂಥ ಸೋಂಕುನಿವಾರಣೆ ನಿಷಿದ್ಧ. ಉಪ್ಪು ಕಡಿಮೆ ಮಾಡುವವರು ಸೋಡಿಯಂ ಸಾಲು ನೋಡಲಿ: ಲೀಟರಿಗೆ 20 ಮಿ.ಗ್ರಾಂಗಿಂತ ಕಡಿಮೆಯಿದ್ದರೆ ಮಾತ್ರ ಅಲ್ಲಿ ‘ಕಡಿಮೆ ಸೋಡಿಯಂ ಆಹಾರಕ್ರಮಕ್ಕೆ ಸೂಕ್ತ’ ಎಂದು ಬರೆಯಬಹುದು.

ರುಚಿ ಬೇಕಿದ್ದರೆ ಮಿನರಲ್, ಇಸ್ತ್ರಿಪೆಟ್ಟಿಗೆಗೆ ಭಟ್ಟಿ ಇಳಿಸಿದ್ದು. ಮಿನರಲ್ ಹಾಕಿದರೆ ಹಬೆ ರಂಧ್ರಗಳಲ್ಲಿ ಸುಣ್ಣ ಕಟ್ಟುತ್ತದೆ.